ಅಪ್ಪನ ತಲೆ, ಮಗನ ತಲೆ

ಮುಖ ತೊಳೆಯಲು ಶುರು ಮಾಡಿದರೆ ಎಲ್ಲಿಗೆ ನಿಲ್ಲಿಸಬೇಕೆಂದು ನನಗೆ ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಸುಮಾರು ಇಪ್ಪತ್ತೈದು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ. ಮಾತು ನನ್ನದಲ್ಲ. ಅದು ಬಕ್ಕತಲೆಯವರೆಲ್ಲರ ಪಿತ್ರಾರ್ಜಿತ. ಹೇಳುವ ಹದ ಮಾತ್ರ ನನ್ನದು. ಮದುವೆಯ ಊಟದ ಪಂಕ್ತಿಯಲ್ಲಿ, ಸಹೋದ್ಯೋಗಿಗಳ ಬೀಳ್ಕೊಡುಗೆಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಎದುರಿನಲ್ಲಿ, ಎಲ್ಲಿ ಹೇಳಿದರೂ ಜನ ನಕ್ಕಿದ್ದಾರೆ. ಅವರು ನಕ್ಕಿದ್ದನ್ನು ನೋಡಿ ನಾನೂ ನಕ್ಕಿದ್ದೇನೆ. ಈಗ ಒಂದು ವರ್ಷಕ್ಕೆ ಮೇಲಾಯಿತು, ಆ ಮಾತನ್ನು ಹೇಳಿಲ್ಲ. ಯಾಕೆ ಹೇಳಿಲ್ಲ ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣವೆಂದು ಕೂತಿದ್ದೇನೆ.

ನಾನು ಹೆಬ್ಬಾಳದ ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಮನೆ ಅಟ್ಟೂರಿನ ಬಡಾವಣೆಯಲ್ಲಿ. ಮೂವತ್ತು ತುಂಬುವ ಮೊದಲೇ ತಲೆ ಖಾಲಿಯಾದವನು. ನಮ್ಮ ಭಾಷೆ ಇಂಥವರಿಗೆ ಹೆಸರಿಡುವುದರಲ್ಲಿ ಜಿಪುಣತನ ತೋರಿಲ್ಲ. ಬೋಳು, ಬೋಡ, ಬಕ್ಕ, ಬೊಕ್ಕ. ಸಂಸ್ಕೃತ ಬಲ್ಲವರು ಬೈದರೆ ಖಲ್ವಾಟ. ಅಲ್ಲಲ್ಲಿ ನಾಣ್ಯದಷ್ಟಗಲ ಉದುರಿದರೆ ಆಯುರ್ವೇದದವರು ಇಂದ್ರಲುಪ್ತ ಎನ್ನುತ್ತಾರೆ. ಕೇಳಲು ಯಾವುದೋ ಸ್ವರ್ಗದಲ್ಲಿ ನಡೆದ ಕಳ್ಳತನದಂತೆ ಇರುತ್ತದೆ. ಬಕ್ಕತಲೆಯವನು ಬಡವನಾಗಿರುವುದು ಅಪರೂಪ ಎಂದು ಹಿರಿಯರು ಸಮಾಧಾನಕ್ಕೆ ಹೇಳುವುದುಂಟು. ನನ್ನ ಸಂಬಳದ ಚೀಟಿಯನ್ನು ಅವರು ನೋಡಿಲ್ಲ.

ಹೆಸರಿಗಿಂತ ಹೆಚ್ಚು ಇರುವುದು ಕಾರಣಗಳು. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಬಾರದು ಎನ್ನುತ್ತಾರಲ್ಲ, ನಮ್ಮ ಬೀದಿಯಲ್ಲಿ ಸಂಜೆ ನಡೆಯುವುದೆಲ್ಲ ಅದೇ ಕೆಲಸ. ಪಕ್ಕದ ಮನೆಯವರ ಪ್ರಕಾರ ಕಾರಣ ಬೋರ್‌ವೆಲ್ಲಿನ ಗಡಸು ನೀರು. ಅದೇ ನೀರಿನಲ್ಲಿ ಇಪ್ಪತ್ತೆಂಟು ವರ್ಷ ತಲೆಗೆ ಸ್ನಾನ ಮಾಡಿದ ನನ್ನ ಹೆಂಡತಿ ಸರೋಜಳ ಜಡೆ ಇವತ್ತಿಗೂ ಸೊಂಟ ಮುಟ್ಟುತ್ತದೆ ಎಂಬುದನ್ನು ಅವರು ಗಮನಿಸಿಲ್ಲ. ಎದುರು ಮನೆಯವರ ಪ್ರಕಾರ ಹೆಲ್ಮೆಟ್ಟು. ನನ್ನ ತಂದೆ ಸೈಕಲ್ಲಿಗಿಂತ ದೊಡ್ಡ ಗಾಡಿ ಹತ್ತದವರು, ಅವರ ತಲೆಯೂ ನುಣ್ಣಗೇ ಇತ್ತು. ಇನ್ನುಳಿದವರ ಪ್ರಕಾರ ಉಷ್ಣ, ಉಪ್ಪು, ಎಣ್ಣೆ ಹಚ್ಚದಿರುವುದು, ಹೆಚ್ಚು ಯೋಚನೆ ಮಾಡುವುದು. ಕಡೆಯ ಕಾರಣವನ್ನು ನಾನು ಒಂದಷ್ಟು ಕಾಲ ಮನಸಾರೆ ಒಪ್ಪಿಕೊಂಡಿದ್ದೆ.

ಕಥೆ ನನ್ನ ತಲೆಯದಲ್ಲ, ನನ್ನ ಮಗನದು. ಪ್ರಸನ್ನನಿಗೆ ಇಪ್ಪತ್ತೇಳು ವರ್ಷ. ತಣಿಸಂದ್ರದ ಒಂದು ಖಾಸಗಿ ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾನೆ. ಚಿಕ್ಕಂದಿನಿಂದ ಮಾತು ಕಡಿಮೆ, ಆದರೆ ಪಾಠ ಮಾಡಲು ನಿಂತರೆ ಬೇರೆ ಮನುಷ್ಯ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ಅವನಿಗೆ ಡೆಂಗ್ಯೂ ಬಂತು. ಒಂಬತ್ತು ದಿನ ಹಾಸಿಗೆ ಹಿಡಿದ. ಚೇತರಿಸಿಕೊಂಡು ಶಾಲೆಗೆ ಹೋದ, ನಾವೂ ಮರೆತೆವು. ನವರಾತ್ರಿಯ ಹೊತ್ತಿಗೆ ಬಚ್ಚಲ ಮನೆಯ ಜಾಲರಿಯಲ್ಲಿ ಕೂದಲು ಕಟ್ಟಿಕೊಳ್ಳತೊಡಗಿತು. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಅಂಗಿಯ ಕಾಲರಿನ ಮೇಲೆ, ಎಲ್ಲೆಲ್ಲೂ ಕೂದಲು. ಮೊದಲೇ ನೆತ್ತಿಯ ಸುಳಿಯ ಹತ್ತಿರ ತೆಳ್ಳಗಾಗಿತ್ತು. ಈಗ ಅಲ್ಲಿ ಚರ್ಮ ಕಾಣತೊಡಗಿತು.

"ರೀ, ಮಗೂದು ಕೂದ್ಲು ಹಿಂಗೆ ಉದುರ್ತಾ ಇದೆಯಲ್ಲ, ಯಾರಿಗಾದ್ರೂ ತೋರಿಸ್ಬಾರ್ದಾ?" ಎಂದಳು ಸರೋಜ.

"ನಮ್ಮ ವಂಶದ ಪ್ರಸಾದ ಕಣೇ ಅದು, ಬೇಡ ಅಂದ್ರೆ ಬಿಡ್ತಾರಾ?" ಎಂದೆ ನಾನು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಆಸ್ಪತ್ರೆಗೆ ಕೂದಲುದುರಿದ ನಾಯಿಯನ್ನು ಕರೆತಂದರೆ ನಾವು ಯಾರೂ ನಗುವುದಿಲ್ಲ. ಯಾವಾಗಿಂದ ಹೀಗೆ, ಏನು ತಿನ್ನುತ್ತದೆ, ಯಾವ ಸೋಪು ಹಾಕುತ್ತೀರಿ, ಜ್ವರ ಬಂದಿತ್ತಾ ಎಂದೆಲ್ಲ ಡಾಕ್ಟರು ಕೇಳುತ್ತಾರೆ. ಚರ್ಮವನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಮೂವತ್ತು ವರ್ಷ ಅದನ್ನು ಪಕ್ಕದಲ್ಲೇ ನಿಂತು ನೋಡಿದವನು ನಾನು. ಮನೆಯಲ್ಲಿ ನನ್ನ ಸ್ವಂತ ಮಗನ ಕೂದಲು ಹಿಡಿಹಿಡಿಯಾಗಿ ಉದುರಿದಾಗ ನನಗೆ ಹೊಳೆದದ್ದು ಒಂದು ಹಾಸ್ಯದ ಮಾತು.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕಾರ್ತಿಕ ಮಾಸದಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ ಯಲಹಂಕದ ಒಂದು ಛತ್ರದಲ್ಲಿ ನಡೆಯಿತು. ಊಟದ ನಂತರ ಬೀಗರ ಕಡೆಯ ಏಳೆಂಟು ಜನ ಕುರ್ಚಿಗಳನ್ನು ವೃತ್ತಾಕಾರವಾಗಿ ಎಳೆದುಕೊಂಡು ಕೂತಿದ್ದರು. ಅವರಲ್ಲಿ ಒಬ್ಬರಿಗೆ ಮದುವೆ ವಯಸ್ಸಿನ ಮಗಳಿದ್ದಳು. ಅವರು ಪ್ರಸನ್ನನನ್ನು ಗಮನಿಸುತ್ತಿದ್ದುದು ನನಗೂ ಗೊತ್ತಿತ್ತು. "ಮಗಂಗೆ ಏನ್ ಮಾಡಿಟ್ಟಿದೀರಾ ಸಾರ್?" ಎಂದು ಅವರು ಲೋಕಾಭಿರಾಮವಾಗಿ ಕೇಳಿದರು. ಪ್ರಸನ್ನ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಅವನ ನೆತ್ತಿಯ ಮೇಲೆ ಅಂಗೈ ಇಟ್ಟು ಸವರಿದೆ.

"ನಮ್ಮನೆ ಆಸ್ತಿ ಅಂದ್ರೆ ಇದೊಂದೇ ಸಾರ್. ನಾನು ಬದುಕಿರುವಾಗ್ಲೇ ಇವನ ಹೆಸರಿಗೆ ಖಾತೆ ಮಾಡ್ಕೊಟ್ಟಿದೀನಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಬಹಳ ದಿನಗಳ ನಂತರ ಹೊಸದೊಂದು ಮಾತು ಹುಟ್ಟಿತಲ್ಲ ಎಂಬ ಸಂತೋಷದಲ್ಲಿದ್ದೆ. ಪ್ರಸನ್ನನೂ ತುಟಿ ಅಗಲಿಸಿದ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಕುರ್ಚಿಯಲ್ಲಿ ಇರಲಿಲ್ಲ. ಒಬ್ಬನೇ ಬಸ್ಸು ಹತ್ತಿ ಮನೆಗೆ ಹೋಗಿದ್ದ.

ಅಲ್ಲಿಂದ ಮುಂದೆ ಅವನು ಮನೆಯೊಳಗೂ ಟೋಪಿ ಹಾಕಿಕೊಳ್ಳತೊಡಗಿದ. ಊಟಕ್ಕೆ ಬಂದು ಬೇಗ ಎದ್ದು ಹೋಗುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ತೆಗೆದುಕೊಂಡು ಹೊರಟರೆ ಸಂಜೆ ಐದಕ್ಕೆ ಬರುತ್ತಿದ್ದ. ಕೆಲಸ ಹೆಚ್ಚಿರಬೇಕು ಅಂದುಕೊಂಡೆವು. ಡಿಸೆಂಬರಿನ ಒಂದು ಮಧ್ಯಾಹ್ನ ನಾನು ಔಷಧಿಯ ಕೋಣೆಯಲ್ಲಿದ್ದಾಗ ಅವನ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು.

"ಪ್ರಸನ್ನ ಸರ್ ಈಗ ಹೇಗಿದಾರೆ? ಹುಷಾರಿಲ್ಲ ಅಂತ ಮೆಸೇಜ್ ಹಾಕಿ ಹನ್ನೆರಡು ದಿನ ಆಯ್ತು. ಮಕ್ಕಳು ದಿನಾ ಕೇಳ್ತಿದಾರೆ."

ನಾನು ಏನೋ ತೊದಲಿ ಫೋನು ಇಟ್ಟೆ. ತಕ್ಷಣ ಮಗನಿಗೆ ಮಾಡಿದೆ. "ಕ್ಲಾಸಲ್ಲಿದೀನಿ ಅಪ್ಪ, ಆಮೇಲ್ ಮಾಡ್ತೀನಿ" ಎಂದ. ಅವನ ದನಿಯ ಹಿಂದೆ ಕಂಡಕ್ಟರೊಬ್ಬರು "ಯಾರ್ರೀ ನಾಗವಾರ, ನಾಗವಾರ ಇಳಿಯೋರು ಮುಂದ್ ಬನ್ನಿ" ಎಂದು ಕೂಗುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹನ್ನೆರಡು ದಿನಗಳಿಂದ ನನ್ನ ಮಗ ಟೋಪಿ ಹಾಕಿಕೊಂಡು, ಅಮ್ಮ ಕಟ್ಟಿಕೊಟ್ಟ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ದಿನದ ಪಾಸು ತೆಗೆದು ಊರೆಲ್ಲ ಬಸ್ಸಿನಲ್ಲಿ ಸುತ್ತುತ್ತಿದ್ದ.

ಆ ಸಂಜೆ ನಾನು ಕೇಳಲಿಲ್ಲ. ಹೇಗೆ ಕೇಳಬೇಕೆಂದು ಗೊತ್ತಾಗಲಿಲ್ಲ. ಯಾವ ಕಷ್ಟದ ಮಾತನ್ನೂ ನಗೆಯ ಬಾಗಿಲಿನಿಂದಲೇ ಒಳಗೆ ತಂದು ಅಭ್ಯಾಸವಾದವನಿಗೆ ಆ ಬಾಗಿಲು ಮುಚ್ಚಿದ ಮೇಲೆ ಬೇರೆ ದಾರಿ ಕಾಣುವುದಿಲ್ಲ. ಸರೋಜಳಿಗೆ ಮಾತ್ರ ಹೇಳಿದೆ.

ಮರುದಿನ ಬೆಳಿಗ್ಗೆ ಬಚ್ಚಲ ಮನೆಯಲ್ಲಿ ಧಡ್ಡೆಂದು ಸದ್ದಾಯಿತು. ಬಾಗಿಲು ಒದ್ದು ತೆಗೆದೆವು. ಪ್ರಸನ್ನ ನೆಲದ ಮೇಲೆ ಬಿದ್ದಿದ್ದ. ಹುಬ್ಬಿನ ಮೇಲೆ ಒಡೆದು ರಕ್ತ ಬರುತ್ತಿತ್ತು. ನೀರು ಚಿಮುಕಿಸಿ ಎಬ್ಬಿಸಿ ಕೂರಿಸಿದಾಗ "ಏನಿಲ್ಲ ಅಮ್ಮ, ತಲೆ ಸುತ್ತು ಬಂತು ಅಷ್ಟೇ" ಎಂದ. ಬೀದಿ ಕೊನೆಯ ನರ್ಸಿಂಗ್ ಹೋಮಿನಲ್ಲಿ ಎರಡು ಹೊಲಿಗೆ ಹಾಕಿ ಬಿ.ಪಿ. ನೋಡಿದರು. ಬಹಳ ಕೆಳಗಿತ್ತು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದರೆ ಇಲ್ಲವೆಂದ. ಮನೆಗೆ ಬಂದ ಮೇಲೆ ಅವನ ಹಾಸಿಗೆ ಕೊಡವುವಾಗ ದಿಂಬಿನ ಚೀಲದೊಳಗಿಂದ ಮಾತ್ರೆಯ ಪಟ್ಟಿಗಳು ಜಾರಿ ಬಿದ್ದವು. ಸರೋಜ ಅವನ್ನು ನನ್ನ ಕೈಗೆ ಕೊಟ್ಟಳು. ಹೆಸರು ಓದಿದ ಕೂಡಲೇ ನನಗೆ ಗೊತ್ತಾಯಿತು. ಕೂದಲಿಗೆ ಕೆಲವರಿಗೆ ಕೊಡುವ ಮಾತ್ರೆಯೇ. ಆದರೆ ರಕ್ತದೊತ್ತಡ ಇಳಿಸುವ ಗುಣವಿರುವುದು. ಡಾಕ್ಟರು ನೋಡಿ ಅಳೆದು ಕೊಡಬೇಕಾದದ್ದು. ಇವನು ಯಾರನ್ನೂ ಕೇಳದೆ ತರಿಸಿಕೊಂಡು, ಬೇಗ ಗುಣವಾಗಲೆಂದು ದಿನಕ್ಕೆ ಎರಡೆರಡು ನುಂಗುತ್ತಿದ್ದ.

ನಾನು ಬೈಯಲಿಲ್ಲ. ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡು, "ನಾಳೆ ನನ್ ಜೊತೆ ಬಾ, ಚರ್ಮದ ಡಾಕ್ಟ್ರ ಹತ್ರ ಹೋಗೋಣ" ಎಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದವನು ತಿರುಗದೆಯೇ "ಹ್ಞೂಂ" ಎಂದ.

ಆರ್.ಟಿ. ನಗರದ ಆ ಚರ್ಮವೈದ್ಯೆಗೆ ನನ್ನ ವಯಸ್ಸೇ ಇರಬಹುದು. ಅವರು ಮಾತ್ರೆಯ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು, ಆದರೆ ಗದರಲಿಲ್ಲ. ಪ್ರಸನ್ನನ ಟೋಪಿ ತೆಗೆಸಿ, ದೀಪದ ಕೆಳಗೆ ಕೂರಿಸಿ, ಐವತ್ತು ಅರವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರು. ಏಳೆಂಟು ಕೂದಲು ಕೈಗೆ ಬಂದವು. ಪಕ್ಕದಲ್ಲಿ, ಹಿಂದೆ, ಎಲ್ಲ ಕಡೆ ಹಾಗೇ ಮಾಡಿ ನೋಡಿದರು.

"ಮೂರ್ನಾಲ್ಕು ತಿಂಗಳ ಹಿಂದೆ ದೊಡ್ಡ ಜ್ವರ ಏನಾದ್ರೂ ಬಂದಿತ್ತಾ?" ಎಂದರು.

ನಾನೂ ಪ್ರಸನ್ನನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಲೆಯ ಕೂದಲೆಲ್ಲ ಒಂದೇ ಕಾಲಕ್ಕೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ವಿಶ್ರಾಂತಿಯಲ್ಲಿದ್ದು ಆಮೇಲೆ ಉದುರುತ್ತವೆ. ಕೆಟ್ಟ ಜ್ವರವೋ, ಶಸ್ತ್ರಚಿಕಿತ್ಸೆಯೋ, ತಡೆಯಲಾರದ ದುಃಖವೋ ಬಂದರೆ ದೇಹ ಇರುವ ಶಕ್ತಿಯನ್ನೆಲ್ಲ ಜೀವ ಉಳಿಸಿಕೊಳ್ಳಲು ಬಳಸಿ, ಕೂದಲುಗಳನ್ನು ಗುಂಪುಗುಂಪಾಗಿ ವಿಶ್ರಾಂತಿಗೆ ಕಳಿಸಿಬಿಡುತ್ತದೆ. ಅವು ಉದುರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ, ಜನ ನೀರನ್ನು ಬೈಯುತ್ತಿರುತ್ತಾರೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಬಹುದು, ಬೇರಿನಿಂದ ಹೋಗುವುದಿಲ್ಲ. ಹೆಲ್ಮೆಟ್ಟು ನಿರಪರಾಧಿ. ಥೈರಾಯ್ಡ್ ಏರುಪೇರಾದರೂ, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ, ಊಟ ಬಿಟ್ಟರೂ ಉದುರಬಹುದು, ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು.

"ಜ್ವರದಿಂದ ಹೋಗಿದ್ದು ವಾಪಸ್ ಬರುತ್ತೆ. ಆದ್ರೆ ನೆತ್ತಿ ಹತ್ರ ಇರೋದು ಬೇರೆ. ಅದು ಗಂಡು ಹಾರ್ಮೋನಿಗೆ ಅಲ್ಲಿನ ಬೇರುಗಳು ಸೊರಗೋದು, ಹುಟ್ಟಿನಿಂದ ಬಂದಿರೋದು. ನಿಧಾನ ಮಾಡ್ಬಹುದು, ಪೂರ್ತಿ ನಿಲ್ಲಿಸ್ತೀನಿ ಅಂತ ನಾನು ಸುಳ್ಳು ಹೇಳಲ್ಲ" ಎಂದು ಹೇಳಿ ನನ್ನ ತಲೆಯನ್ನೊಮ್ಮೆ ನೋಡಿದರು.

"ಎಲ್ಲಾ ನಂದೇ ಮೇಡಂ" ಎಂದೆ ನಾನು.

"ಇಲ್ಲ ಸಾರ್, ತಾಯಿ ಕಡೆಯಿಂದಾನೂ ಬರುತ್ತೆ. ಯಾರದು ಎಷ್ಟು ಅಂತ ಪಾಲು ಹಾಕೋಕಾಗಲ್ಲ."

ಮಗ ಯಾರ ಕಡೆಯ ತಲೆ ತಂದಿದ್ದಾನೆಂದು ಇಪ್ಪತ್ತೇಳು ವರ್ಷ ನಮ್ಮ ಮನೆಯಲ್ಲಿ ನಡೆದಿದ್ದ ವಾದ ಒಂದೇ ಮಾತಿಗೆ ಮುಗಿದುಹೋಯಿತು. ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟು, "ನಿದ್ದೆ ಮಾಡ್ತೀರಾ ಪ್ರಸನ್ನ? ಊಟ ಸೇರುತ್ತಾ?" ಎಂದು ಕೇಳಿದರು. ಅವನು ತಲೆ ತಗ್ಗಿಸಿದ. ಆಮೇಲೆ ಅವನ ಭುಜಗಳು ಅಲುಗಾಡಿದವು.

"ಬೋರ್ಡ್ ಮೇಲೆ ಬರೆಯೋಕೆ ತಿರುಗ್ಬೇಕಲ್ಲ ಮೇಡಂ, ಆಗ ಹಿಂದಿನ ಬೆಂಚಲ್ಲಿ ನಗ್ತಾರೆ. ಹೆಲಿಪ್ಯಾಡ್ ಅಂತ ಹೆಸರಿಟ್ಟಿದಾರೆ. ಅವರು ಮಕ್ಕಳು, ಪರ್ವಾಗಿಲ್ಲ. ಮನೇಲೂ ನಗ್ತಾರೆ. ನೆಂಟರ ಮುಂದೆ ತಲೆ ಮೇಲೆ ಕೈಯಿಟ್ಟು ನಗ್ತಾರೆ. ನಾನು ಎಲ್ಲಿಗ್ ಹೋಗ್ಲಿ?"

ಅವನು ನನ್ನ ಕಡೆ ನೋಡಿ ಹೇಳಲಿಲ್ಲ. ಮೇಜಿನ ಮೇಲಿದ್ದ ಟೋಪಿಯನ್ನು ನೋಡಿಕೊಂಡು ಹೇಳಿದ. ಡಾಕ್ಟರೂ ನನ್ನನ್ನು ನೋಡಲಿಲ್ಲ. ಅದು ಅವರ ದೊಡ್ಡತನ. ಮಾತ್ರೆಗಳನ್ನು ನಿಲ್ಲಿಸಲು ಹೇಳಿ, ಎರಡು ವಾರ ಬಿಟ್ಟು ಬರಬೇಕೆಂದೂ, ಮನಸ್ಸಿಗೆ ಹೀಗೇ ಭಾರವಾಗಿದ್ದರೆ ಅದಕ್ಕೂ ಒಬ್ಬ ಡಾಕ್ಟರಿದ್ದಾರೆ, ನಾಚಿಕೆಪಡಬಾರದೆಂದೂ ಹೇಳಿ ಕಳಿಸಿದರು.

ಮನೆಗೆ ಬರುವ ಬಸ್ಸು ಹೆಬ್ಬಾಳದ ಮೇಲ್ಸೇತುವೆ ಹತ್ತಿ ಅಲ್ಲೇ ನಿಂತಿತು. ಮುಂದೆ ಹಿಂದೆ ವಾಹನಗಳು. ಮಗ ಕಿಟಕಿಯ ಪಕ್ಕ, ನಾನು ಅವನ ಪಕ್ಕ. ಅವನಿಗೆ ಎದ್ದು ಹೋಗುವ ಹಾಗಿರಲಿಲ್ಲ, ನನಗೂ ಇರಲಿಲ್ಲ.

"ಯಶವಂತಪುರದ ಹುಡುಗಿ ನೋಡೋಕೆ ಹೋಗಿದ್ದ ಕಥೆ ಗೊತ್ತಲ್ಲ ನಿಂಗೆ?" ಎಂದೆ.

"ಅಪ್ಪ, ಈಗ ಬೇಡ."

"ಪೂರ್ತಿ ಹೇಳಿಲ್ಲ ಕಣೋ. ಕೇಳು."

ಆ ಕಥೆ ನಮ್ಮ ನೆಂಟರಿಷ್ಟರಿಗೆಲ್ಲ ಬಾಯಿಪಾಠ. ನನಗೆ ಇಪ್ಪತ್ತೊಂಬತ್ತಾಗಿದ್ದಾಗ ಹುಡುಗಿ ನೋಡಲು ಹೋಗಿದ್ದೆವು. ಉಪ್ಪಿಟ್ಟು ಕಾಫಿ ಮುಗಿದ ಮೇಲೆ ಆ ಮನೆಯ ಅಜ್ಜಿ ನನ್ನನ್ನೇ ನೋಡುತ್ತ, "ಎಲ್ಲಾ ಹಿರಿಯರೇ ಬಂದಿದೀರಲ್ಲ, ಹುಡುಗನ್ನ ಯಾಕೆ ಕರ್ಕೊಂಡ್ ಬರ್ಲಿಲ್ಲ?" ಎಂದು ಕೇಳಿದ್ದರು. ಇಲ್ಲಿಗೆ ಬಂದಾಗ ಕೇಳುವವರು ನಗುತ್ತಾರೆ, ನಾನು ಕಥೆ ನಿಲ್ಲಿಸುತ್ತೇನೆ. ಅದರ ಮುಂದಿನದನ್ನು ಅವತ್ತು ಮೊದಲ ಸಲ ಹೇಳಿದೆ. ನಾನು ಅಪ್ಪನಿಗೆ ಏನೋ ನೆಪ ಹೇಳಿ ಅವರ ಜೊತೆ ಬಸ್ಸು ಹತ್ತಲಿಲ್ಲ. ಯಶವಂತಪುರದಿಂದ ಹೆಬ್ಬಾಳದವರೆಗೆ ತಲೆಗೆ ಕರವಸ್ತ್ರ ಕಟ್ಟಿಕೊಂಡು ನಡೆದೆ. ಬಿಸಿಲು ಇರಲಿಲ್ಲ, ಸಂಜೆಯಾಗಿತ್ತು. ದಾರಿಯುದ್ದಕ್ಕೂ ಅತ್ತೆ. ಆಮೇಲೆ ಒಂದು ವರ್ಷ ಈರುಳ್ಳಿ ರಸ, ದಾಸವಾಳದ ಎಲೆ, ಗರುಗದ ಸೊಪ್ಪಿನ ಎಣ್ಣೆ, ಯಾರು ಏನು ಹೇಳಿದರೂ ಹಚ್ಚಿಕೊಂಡೆ. ನನ್ನ ಹಾಸಿಗೆಯ ವಾಸನೆಗೆ ತಮ್ಮ ಬೇರೆ ಕೋಣೆಯಲ್ಲಿ ಮಲಗಿದ. ಯಾವುದೂ ಫಲಿಸದಿದ್ದಾಗ ಒಂದು ಉಪಾಯ ಕಂಡುಕೊಂಡೆ: ಬೇರೆಯವರು ನಗುವ ಮುಂಚೆ ನಾನೇ ನಗಿಸಿಬಿಡುವುದು. ಮೊದಮೊದಲು ಹೇಳಿದ ಮೇಲೆ ಎದ್ದು ಹೊರಗೆ ಹೋಗುತ್ತಿದ್ದೆ. ನಂತರ ಅಭ್ಯಾಸವಾಯಿತು. ಕಡೆಗೆ ನೋವಿತ್ತೆಂಬುದೇ ಮರೆತು, ಅದೇ ಔಷಧವನ್ನು ಮಗನಿಗೂ ಕುಡಿಸಲು ಹೊರಟಿದ್ದೆ.

ಪ್ರಸನ್ನ ಕಿಟಕಿಯಾಚೆ ನೋಡುತ್ತಿದ್ದ. ಕೆರೆಯ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು.

"ಅಳ್ತಾ ನಡ್ಕೊಂಡ್ ಬಂದಿದ್ದನ್ನ ಯಾಕೆ ಯಾವತ್ತೂ ಹೇಳ್ಲಿಲ್ಲ?" ಎಂದ.

"ಅದನ್ ಹೇಳಿದ್ರೆ ಯಾರು ನಗ್ತಾರೆ?"

"ನಾನು ನಗೋದಕ್ಕೆ ಕೇಳ್ತಿರ್ಲಿಲ್ಲ ಅಪ್ಪ."

"ತಪ್ಪಾಯ್ತು ಕಣೋ" ಎಂದೆ. ಅಪ್ಪನಾದವನು ಮಗನಿಗೆ ಆ ಎರಡು ಪದ ಹೇಳುವುದು ಕಷ್ಟವೆಂದು ತಿಳಿದಿದ್ದೆ. ಹೇಳಿದ ಮೇಲೆ ನೋಡಿದರೆ, ಹೇಳದೆ ಇಷ್ಟು ವರ್ಷ ಹೊತ್ತುಕೊಂಡಿದ್ದೇ ಕಷ್ಟವಾಗಿತ್ತು. ಬಸ್ಸು ಹೊರಟು ಮತ್ತೆ ಗಕ್ಕನೆ ನಿಂತಾಗ ಅವನು, ಮುಂದಕ್ಕೆ ಜೋಲಿ ಹೊಡೆದ ನನ್ನ ತೋಳು ಹಿಡಿದುಕೊಂಡ, ಅಷ್ಟೇ.

ಪವಾಡವೇನೂ ಆಗಲಿಲ್ಲ. ರಕ್ತದಲ್ಲಿ ಕಬ್ಬಿಣದ ಅಂಶ ಸ್ವಲ್ಪ ಕಡಿಮೆಯಿತ್ತು, ಅದಕ್ಕೆ ಔಷಧಿಯಾಯಿತು. ಮನಸ್ಸಿನ ಡಾಕ್ಟರ ಹತ್ತಿರ ಐದಾರು ಸಲ ಹೋಗಿ ಬಂದ. ಅಲ್ಲಿ ಏನು ಮಾತಾಡಿದನೆಂದು ನಾವು ಕೇಳಲಿಲ್ಲ. ಯುಗಾದಿಯ ಹೊತ್ತಿಗೆ ಹಣೆಯ ಪಕ್ಕದಲ್ಲಿ ಮೊಳಕೆಯಂತೆ ಪುಟ್ಟ ಪುಟ್ಟ ಕೂದಲು ಕಾಣಿಸಿದವು. ನೆತ್ತಿ ಮಾತ್ರ ಹಾಗೇ ಉಳಿಯಿತು. ಶಾಲೆಯವರು ಅವನ ಜಾಗ ಉಳಿಸಿಟ್ಟಿದ್ದರು. ಆ ಕೂದಲು ಮೊಳೆಯುವುದಕ್ಕೂ ಮೊದಲೇ, ಸಂಕ್ರಾಂತಿ ಕಳೆದ ಮೇಲೆ, ಟೋಪಿಯಿಲ್ಲದೆ ಶಾಲೆಗೆ ಹೋಗಿದ್ದ. ಆ ಸಂಜೆ ಅವನು ಬಂದು ಚಪ್ಪಲಿ ಬಿಡುವವರೆಗೂ ಸರೋಜ ಬಾಗಿಲಲ್ಲೇ ನಿಂತಿದ್ದಳು.

"ಏನಾಯ್ತೋ?"

"ನಕ್ರು" ಎಂದ. "ನಾನು ಬರೆಯೋದು ಮುಗಿಸ್ದೆ."

ತಂಗಿಯ ಮಗಳ ಮದುವೆ ವೈಶಾಖದಲ್ಲಾಯಿತು. ಊಟದ ಪಂಕ್ತಿಯಲ್ಲಿ ಹಳೆಯ ಗೆಳೆಯನೊಬ್ಬ, "ಲೋ, ಆ ಮುಖ ತೊಳೆಯೋ ಜೋಕ್ ಹೇಳೋ, ನಮ್ ಬೀಗ್ರು ಕೇಳಿಲ್ಲ" ಎಂದು ಒತ್ತಾಯಿಸಿದ. ಎದುರು ಸಾಲಿನಲ್ಲಿ ಪ್ರಸನ್ನ ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದ. "ಮರ್ತೋಯ್ತು ಕಣಯ್ಯ" ಎಂದೆ. ಗೆಳೆಯನಿಗೆ ನನಗೆ ವಯಸ್ಸಾಯಿತೆಂದು ಅನ್ನಿಸಿರಬೇಕು, ಮರುಕದಿಂದ ನೋಡಿದ.

ಮೊನ್ನೆ ಭಾನುವಾರ ಸರೋಜ ಅಂಗಡಿಯಿಂದ ಒಂದು ಭಾರಿ ಶಾಂಪೂ ಬಾಟಲಿ ಹೊತ್ತು ತಂದಳು. ಒಂದಕ್ಕೊಂದು ಉಚಿತವಂತೆ. ಎರಡೂ ಸೇರಿ ಊಟದ ಮೇಜಿನ ಮೇಲೆ ಬಿಂದಿಗೆಗಳ ಹಾಗೆ ಕೂತಿದ್ದವು. ಪ್ರಸನ್ನ ಒಂದನ್ನು ಎತ್ತಿ ತೂಕ ನೋಡಿದ. ಮೇಲೆ ಬರೆದದ್ದನ್ನು ಓದಿದ. ನನ್ನ ತಲೆ ನೋಡಿದ, ತನ್ನ ನೆತ್ತಿ ಸವರಿಕೊಂಡ.

"ಅಮ್ಮ, ಇದು ಮುಗಿಯೋದ್ರೊಳಗೆ ನಾನು ರಿಟೈರ್ ಆಗಿರ್ತೀನಿ" ಎಂದ.

ಸರೋಜ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ನಗಲಿಲ್ಲ. ಅವನ ಮುಖವನ್ನೇ ನೋಡುತ್ತ ಕಾದೆ. ಮೊದಲು ಅವನು ನಕ್ಕ, ಗಂಟಲಿನಿಂದಲ್ಲ, ಹೊಟ್ಟೆಯಿಂದ. ಆಮೇಲೆ ಸರೋಜ. ಕೊನೆಗೆ ನಾನು.

ಅವನ ಮಾತಿಗಿಂತ ಒಳ್ಳೆಯ ಮಾತೊಂದು ಆಗ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಹಳ ಒಳ್ಳೆಯ ಮಾತು. ನುಂಗಿಕೊಂಡೆ. ಅದೇನೆಂದು ನಿಮಗೂ ಹೇಳುವುದಿಲ್ಲ.